ಲಂಟಾನ, ಹಾವು ಮತ್ತು ಅಪ್ಪನ ಹೆಬ್ಬೆರಳು

ಸಿಡ್ನಿ, ಭಾನುವಾರ ರಾತ್ರಿ

ಅಮ್ಮನಿಗೆ ನಮಸ್ಕಾರ. ನಾವೆಲ್ಲ ಆರಾಮ. ಪುಟ್ಟಿಯ ಶೀತ ಕಮ್ಮಿಯಾಗಿದೆ. ನಿನ್ನ ಕಾಗದದ ಫೋಟೊ ತೆಗೆದು ರವಿ ಕಳಿಸಿದ್ದ. ಇದನ್ನೂ ಅವನಿಗೇ ಕಳಿಸುತ್ತೇನೆ, ಓದಿ ಹೇಳುತ್ತಾನೆ.

ಅಪ್ಪನ ಕಾಲಿನ ಹೆಬ್ಬೆರಳಿನ ಗಾಯ ಮೂರು ವಾರವಾದರೂ ಒಣಗಿಲ್ಲ ಅಂತ ಕೊನೆಯ ಸಾಲಿನಲ್ಲಿ ಬರೆದಿದ್ದೀಯ. ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು, ಅಲ್ವಾ? ಅದಕ್ಕೂ ಮುಂಚೆ ಒಂದೂವರೆ ಪುಟ ನನಗೇ ಬೈಗುಳ. ರಜದ ದಿನ ಸಂಬಳವಿಲ್ಲದೆ ಯಾರದೋ ಕಾಡಿನಲ್ಲಿ ಕಳೆ ಕೀಳುವುದು ಯಾಕೆ, ಹಾವು ಕಚ್ಚಿದರೆ ಯಾರು ಗತಿ ಅಂತ.

ಕಳೆಯ ವಿಚಾರ ಮೊದಲು ಮುಗಿಸುತ್ತೇನೆ. ನಾನು ಹೋಗುವುದು ತಿಂಗಳಿಗೊಂದೇ ಭಾನುವಾರ, ರಾಯಲ್ ನ್ಯಾಷನಲ್ ಪಾರ್ಕ್‌ಗೆ. 1879ರಲ್ಲಿ ಆದದ್ದು. ಅಮೆರಿಕದ ಯೆಲ್ಲೋಸ್ಟೋನ್ ಬಿಟ್ಟರೆ ನಮ್ಮದೇ ಹಳೆಯದು ಅಂತ ಇಲ್ಲಿಯವರಿಗೆ ಬಹಳ ಹೆಮ್ಮೆ. ನಾವು ಕೀಳುವ ಕಳೆ ಯಾವುದು ಗೊತ್ತಾ? ಲಂಟಾನ! ಬಂಡೀಪುರದ ಕಾಡನ್ನೆಲ್ಲ ತುಂಬಿಕೊಂಡಿದೆಯಲ್ಲ, ಅದೇ. ಅಮೆರಿಕ ಕಡೆಯ ಗಿಡ. ಹೂವು ಚಂದ ಅಂತ ಎರಡೂ ದೇಶಕ್ಕೆ ತಂದರು, ಈಗ ಎರಡೂ ಕಡೆ ಗೋಳು.

ಬುಡದಲ್ಲಿ ಕತ್ತರಿಸಿ, ಕೆಲವೇ ಸೆಕೆಂಡಿನೊಳಗೆ ಕೊಯ್ದ ಜಾಗಕ್ಕೆ ಔಷಧಿ ಬಳಿಯಬೇಕು. ತಡವಾದರೆ ಮತ್ತೆ ಚಿಗುರುತ್ತದೆ. ಹಾಗಂತ ಒಂದೇ ಸಲಕ್ಕೆ ಎಲ್ಲವನ್ನೂ ಕಡಿಯುವ ಹಾಗಿಲ್ಲ. ಸಣ್ಣ ಹಕ್ಕಿಗಳು ಆ ಮುಳ್ಳಿನೊಳಗೇ ಗೂಡು ಕಟ್ಟಿರುತ್ತವೆ. ಒಂದಷ್ಟು ತೆಗೆದು, ಅಲ್ಲಿ ಕಾಡಿನ ಸ್ವಂತ ಗಿಡ ಮೇಲೆ ಬರುವವರೆಗೆ ಕಾದು, ಆಮೇಲೆ ಪಕ್ಕದ್ದು. ಮೊದಲ ದಿನ ನಾನು ಹುರುಪಿನಲ್ಲಿ ಒಂದು ಒಳ್ಳೆಯ ಸಸಿಯನ್ನೂ ಕಿತ್ತುಬಿಟ್ಟೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬೈದರು, ಥೇಟ್ ನಿನ್ನ ಹಾಗೆ.

ಹಾವು ನೋಡಿದ್ದು ಒಂದೇ ಸಲ. ಮೈ ಕಪ್ಪು, ಹೊಟ್ಟೆಯ ಅಂಚು ಕೆಂಪು. ನಮ್ಮ ಸದ್ದಿಗೆ ಅದೇ ಓಡಿತು. ಕೈಗವಸು, ತುಂಬು ತೋಳಿನ ಅಂಗಿ, ಹಾವು ಕಚ್ಚಿದರೆ ಬಿಗಿಯಾಗಿ ಸುತ್ತುವ ಬ್ಯಾಂಡೇಜ್, ಎಲ್ಲ ಇರುತ್ತದೆ. ಬ್ಯಾಂಡೇಜಿನ ಸುದ್ದಿ ಬರೆಯಬಾರದಿತ್ತೇನೋ.

ಇನ್ನೊಂದು ತಮಾಷೆ. ಕಾಡಿಗೆ ಕಾಲಿಡುವ ಮೊದಲು ಬೂಟಿನ ಅಡಿಯ ಮಣ್ಣನ್ನು ಬ್ರಷ್‌ನಲ್ಲಿ ಉಜ್ಜಿ, ಸ್ಪಿರಿಟ್ ಚಿಮುಕಿಸಬೇಕು. ವಾಪಸ್ ಬರುವಾಗ ಮತ್ತೆ ಅದೇ. ಮಣ್ಣಿನ ಜೊತೆ ಫೈಟಾಫ್ತೊರಾ ಅನ್ನುವ ರೋಗ ಬಂದು ಬೇರು ಕೊಳೆಸುತ್ತದಂತೆ. ಅಡಿಕೆಗೆ ಕೊಳೆರೋಗ ತರುವುದು ಇದರ ದಾಯಾದಿಯೇ, ಅಪ್ಪನಿಗೆ ಹೇಳು. ಇವತ್ತು ಬೂಟು ಉಜ್ಜುತ್ತಾ ಕೂತಾಗ ಅವರು ಬರಿಗಾಲಲ್ಲಿ ತೋಟಕ್ಕೆ ಹೋಗುವುದೇ ಕಣ್ಣಮುಂದೆ ಬಂತು. ಬ್ರಷ್ ಹಿಡಿದು ಹಾಗೇ ಕೂತುಬಿಟ್ಟೆ.

ಅವರಿಗೆ ನೋವೇ ಇಲ್ಲ ಅಂತ ಸಮಾಧಾನದಿಂದ ಬರೆದಿದ್ದೀಯ. ಅಮ್ಮ, ನನಗೆ ಹೆದರಿಕೆ ಅದಕ್ಕೇ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರ ಮಂಕಾಗುತ್ತದೆ, ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಮನೆಮದ್ದು ಹಚ್ಚಿ ಕಾಯಬೇಡಿ. ನಾಳೆ ಬೆಳಿಗ್ಗೆ ರವಿ ಕಾರು ತರುತ್ತಾನೆ, ಡಾಕ್ಟರ ಹತ್ತಿರ ಹೋಗಿ. ಅಪ್ಪ ಒಲ್ಲೆ ಅಂದರೆ ಹೊತ್ತು ನೋಡದೆ ನನಗೆ ಫೋನ್ ಮಾಡು. ದುಡ್ಡು ಕಳಿಸಿದ್ದೇನೆ, ಅದರ ಯೋಚನೆ ಬೇಡ. ಬೆರಳು ಮುಚ್ಚುವ ಮೆತ್ತನೆಯ ಶೂ ಕೊಡಿಸು. ಹಾಕುವ ಮೊದಲು ಒಳಗೆ ಕೈಯಾಡಿಸಿ ನೋಡಬೇಕು, ಕಲ್ಲುಗಿಲ್ಲು ಇರುತ್ತದೆ. ರಾತ್ರಿ ಮಲಗುವ ಮುಂಚೆ ನೀನೇ ಟಾರ್ಚ್ ಹಿಡಿದು ಎರಡೂ ಪಾದದ ಅಡಿ ನೋಡು.

ಗಾಬರಿಯಾಗಬೇಡ, ಏನೂ ಆಗಲ್ಲ. ನಿಜವಾಗಿಯೂ ಏನೂ ಆಗಲ್ಲ. ನಾನೂ ಗಾಬರಿಯಾಗಿಲ್ಲ. ಮುಂದಿನ ತಿಂಗಳು ಕಾಡಿಗೆ ಬರುವುದಿಲ್ಲ ಅಂತ ಹೇಳಿ ಬಂದಿದ್ದೇನೆ, ಆಫೀಸಿನಲ್ಲಿ ರಜೆಯನ್ನೂ ಕೇಳಿಟ್ಟಿದ್ದೇನೆ. ಸುಮ್ನೆ, ಇರಲಿ ಅಂತ.

ಪುಟ್ಟಿ ಎದ್ದಳು. ಇನ್ನು ಬರೆಯಲು ಬಿಡುವುದಿಲ್ಲ.

ನಿನ್ನ
ಸುಮಾ

ರವಿ, ಶೂ ವಿಷಯ ಓದುವಾಗ ಅಪ್ಪನಿಗೆ ಕೇಳುವ ಹಾಗೆ ಜೋರಾಗಿ ಓದು. ಗಾಯದ ಫೋಟೊ ಇವತ್ತೇ ಕಳಿಸು.