ಮೂರನೆಯ ಸೀಸನ್ನಿಗೇ ನನ್ನ ಮತ

ಮಾನ್ಯ ಸಂಪಾದಕರೇ,

‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಎಂಬ, ಬಾಹ್ಯಾಕಾಶ ಹಡಗೊಂದರ ಸಿಬ್ಬಂದಿಯ ಕಥೆ ಹೇಳುವ ಟಿವಿ ಧಾರಾವಾಹಿಯ ಏಳು ಸೀಸನ್‌ಗಳಲ್ಲಿ ಐದನೆಯದೇ ಶ್ರೇಷ್ಠವೆಂದು ವಾದಿಸುವವರು ಸಾಮಾನ್ಯವಾಗಿ ಮುಂದಿಡುವುದು ‘ದಿ ಇನ್ನರ್ ಲೈಟ್’ ಎಂಬ ಕಂತನ್ನು. ಸುಮಾರು 25 ನಿಮಿಷ ಪ್ರಜ್ಞೆ ತಪ್ಪಿದ ಹಡಗಿನ ಕ್ಯಾಪ್ಟನ್ ಪಿಕಾರ್ಡ್, ಅಷ್ಟರಲ್ಲೇ ಮನಸ್ಸಿನೊಳಗೆ, ಎಂದೋ ಅಳಿದುಹೋದ ಗ್ರಹವೊಂದರಲ್ಲಿ ಸಂಸಾರ ಹೂಡಿ, ಕೊಳಲು ಕಲಿತು, ಮೊಮ್ಮಗನನ್ನು ಕಂಡು ಮುಪ್ಪಾಗುವ ಆ ಕಥೆಗೆ 1993ರಲ್ಲಿ, ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಸಂದದ್ದು ನ್ಯಾಯವೇ. ಆದರೆ ಒಂದು ಕಂತಿನ ಬಲದಿಂದ ಇಡೀ ಸೀಸನ್ನಿಗೆ ಪಟ್ಟ ಕಟ್ಟಲಾಗದು.

1989ರಲ್ಲಿ ಆರಂಭವಾದ ಮೂರನೆಯ ಸೀಸನ್ನಿನಲ್ಲಿ ಮೈಕೆಲ್ ಪಿಲ್ಲರ್ ಬರವಣಿಗೆಯ ಹೊಣೆ ಹೊತ್ತ ಮೇಲೆ, ಹಡಗಿನ ಸಿಬ್ಬಂದಿಯ ಅಂತರಂಗವೇ ಕಥೆಗಳಿಗೆ ಆಧಾರವಾಯಿತು (ಸಮವಸ್ತ್ರಕ್ಕೆ ಕಾಲರ್ ಬಂದದ್ದೂ ಆಗಲೇ!). ಭಾವನೆಗಳೇ ಇಲ್ಲದ ಯಂತ್ರಮಾನವ ಡೇಟಾ, ತಾನೇ ನಿರ್ಮಿಸಿದ ಮಗಳು ಲಾಲ್‌ಳನ್ನು ಕಳೆದುಕೊಂಡು, ಅವಳ ನೆನಪುಗಳನ್ನು ತನ್ನೊಳಗೆ ಸೇರಿಸಿಕೊಂಡು, ಮುಖಭಾವವನ್ನೂ ಬದಲಿಸದೆ ಕರ್ತವ್ಯಕ್ಕೆ ಮರಳುವ ದೃಶ್ಯವು, ಅತ್ತು ಕರೆಯುವ ಎಷ್ಟೋ ದೃಶ್ಯಗಳಿಗಿಂತ ಹೆಚ್ಚು ಕಲಕುತ್ತದೆ. ಇನ್ನು ಸೀಸನ್ನಿನ ಕೊನೆಯ ಕಂತಿನಲ್ಲಿ, ಅರೆಯಂತ್ರ ಅನ್ಯಗ್ರಹ ಜೀವಿಗಳಾದ ಬೋರ್ಗ್‌ಗಳ ವಶವಾಗಿ ಅವರದೇ ದನಿಯಾದ ಪಿಕಾರ್ಡ್ ಇರುವ ಶತ್ರು ಹಡಗಿನ ಮೇಲೆ ದಾಳಿ ಮಾಡಲು ಅವನ ಸಹಾಯಕ ಅಧಿಕಾರಿ ರೈಕರ್ ಆಜ್ಞೆ ಕೊಟ್ಟೊಡನೆ ಕಥೆ ನಿಂತುಬಿಡುತ್ತದೆ. 1990ರ ಜೂನ್‌ನಲ್ಲಿ ಅದನ್ನು ಕಂಡವರು ಮುಂದಿನ ಭಾಗಕ್ಕೆ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು.

ಐದನೆಯ ಸೀಸನ್ನಿನ ಪರ ವಹಿಸುವವರು ಇವೆರಡಕ್ಕೂ ಸಾಟಿಯಾಗುವ ಕಂತುಗಳನ್ನು ಹೆಸರಿಸಲಿ.

– ಓರ್ವ ಓದುಗ