‘ದುಡ್ಡಿದ್ದರೆ’ಗೆ ಇಂಗ್ಲಿಷಿನಲ್ಲಿ ಮೂರು ರೂಪ

ಸಂಪಾದಕರಿಗೆ ನಮಸ್ಕಾರ.

ಎಸ್ಸೆಸ್ಸೆಲ್ಸಿ, ಪಿಯು ಪರೀಕ್ಷೆ ಹತ್ತಿರವಾದಾಗ ಪತ್ರಿಕೆಗಳ ವಿದ್ಯಾರ್ಥಿ ಪುಟಗಳಲ್ಲಿ ಇಂಗ್ಲಿಷಿನ ‘ಇಫ್ ಕ್ಲಾಸ್’ (clause, ಅಂದರೆ ಷರತ್ತು ಹೇಳುವ ವಾಕ್ಯಭಾಗ) ಕೋಷ್ಟಕ ಬರುತ್ತದೆ: ಟೈಪ್ ಒನ್, ಟೈಪ್ ಟು, ಟೈಪ್ ತ್ರೀ. ಮಕ್ಕಳು ಬಾಯಿಪಾಠ ಮಾಡಿ ಬಿಟ್ಟ ಸ್ಥಳ ತುಂಬುತ್ತಾರೆ. ಸ್ವಂತ ವಾಕ್ಯ ಬರೆಯುವಾಗ ಎಡವುತ್ತಾರೆ. ಯಾವಾಗ ಯಾವ ಟೈಪು ಎಂಬುದನ್ನು ಕೋಷ್ಟಕ ಹೇಳುವುದಿಲ್ಲ. ಅದಕ್ಕೆ ಬೇಕಾದ ಸುಳಿವು ಮಕ್ಕಳ ಬಾಯಲ್ಲಿರುವ ಕನ್ನಡದಲ್ಲೇ ಇದೆ.

‘ದುಡ್ಡಿದ್ದರೆ ಕೊಡುತ್ತೇನೆ’, ‘ದುಡ್ಡಿದ್ದರೆ ಕೊಡುತ್ತಿದ್ದೆ’ ಎಂಬ ಎರಡು ವಾಕ್ಯ ನೋಡಿ. ‘ಇದ್ದರೆ’ ಬದಲಾಗಿಲ್ಲ. ಆದರೆ ಮೊದಲನೆಯದರಲ್ಲಿ ದುಡ್ಡು ಇದ್ದರೂ ಇರಬಹುದು, ಎರಡನೆಯದರಲ್ಲಿ ಇಲ್ಲವೆಂದೇ ಅರ್ಥ. ಈ ವ್ಯತ್ಯಾಸವನ್ನು ಇಲ್ಲಿ ಕನ್ನಡ ಕೊನೆಯ ಕ್ರಿಯಾಪದದಲ್ಲಿ ಮಾತ್ರ ತೋರಿಸುತ್ತದೆ, ಇಂಗ್ಲಿಷ್ ವಾಕ್ಯದ ಎರಡೂ ಭಾಗಗಳಲ್ಲಿ ತೋರಿಸುತ್ತದೆ. ಹಾಗಾಗಿ ಮೊದಲು ಕನ್ನಡ ವಾಕ್ಯದ ಕೊನೆ ನೋಡಬೇಕು. ಅಲ್ಲಿ ‘-ತ್ತೇನೆ’, ‘-ತ್ತಾನೆ’ ಇದ್ದರೆ ‘ಇಫ್ ಐ ಹ್ಯಾವ್ ಮನಿ, ಐ ವಿಲ್ ಗಿವ್ ಇಟ್’ (ಟೈಪ್ ಒನ್). ‘-ತ್ತಿದ್ದೆ’, ‘-ತ್ತಿತ್ತು’ ಇದ್ದರೆ ಕೊನೆಯ ಭಾಗಕ್ಕೆ ‘ವುಡ್’ ಬೇಕು. (‘ಚಿಕ್ಕವರಿದ್ದಾಗ ಮಳೆ ಬಂದರೆ ನೆನೆಯುತ್ತಿದ್ದೆವು’ ಎಂಬುದು ನಿಜವಾಗಿ ನಡೆಯುತ್ತಿದ್ದ ಸಂಗತಿ. ಅಲ್ಲಿ ‘ಇಫ್’ಗಿಂತ ‘ವೆನ್’ ಸರಿ.)

ಕಷ್ಟ ಶುರುವಾಗುವುದು ಇಲ್ಲಿಂದ. ‘ದುಡ್ಡಿದ್ದರೆ ಕೊಡುತ್ತಿದ್ದೆ’ ಇವತ್ತಿನ ಮಾತೋ, ಹೋದ ವರ್ಷದ್ದೋ? ಕನ್ನಡದಲ್ಲಿ ಎರಡಕ್ಕೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಬೇರೆ ಮಾಡಲೇಬೇಕು. ಈಗ ದುಡ್ಡಿಲ್ಲ (ಟೈಪ್ ಟು): ‘ಇಫ್ ಐ ಹ್ಯಾಡ್ ಮನಿ, ಐ ವುಡ್ ಗಿವ್ ಇಟ್’. ಆಗ ಇರಲಿಲ್ಲ (ಟೈಪ್ ತ್ರೀ): ‘ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಹ್ಯಾವ್ ಗಿವನ್ ಇಟ್’. ಅಚ್ಚಿನ ತಪ್ಪೆಂದುಕೊಂಡು ಒಂದು ‘ಹ್ಯಾಡ್’ ಹೊಡೆದುಹಾಕುವವರಿದ್ದಾರೆ. ಮೊದಲನೆಯದು ಸಹಾಯಕ ಕ್ರಿಯಾಪದ, ಎರಡನೆಯದು ‘ಹ್ಯಾವ್’ನ ಮೂರನೇ ರೂಪ, ಎರಡೂ ಇರಬೇಕು.

‘ಈಗಲೋ, ಆಗಲೋ’ ಎಂಬ ಪ್ರಶ್ನೆಯನ್ನು ಎರಡು ಭಾಗಗಳಿಗೂ ಬೇರೆಬೇರೆಯಾಗಿ ಕೇಳಿಕೊಳ್ಳಬೇಕು. ‘ಮೆಟ್ರೊ ಹತ್ತಿದ್ದರೆ ಇಷ್ಟೊತ್ತಿಗೆ ಮೆಜೆಸ್ಟಿಕ್‌ನಲ್ಲಿರುತ್ತಿದ್ದಳು.’ ಹತ್ತುವ ಹೊತ್ತು ಮುಗಿದಿದೆ, ಇರುವುದು ಈಗ. ಆದ್ದರಿಂದ ‘ಇಫ್ ಷಿ ಹ್ಯಾಡ್ ಟೇಕನ್ ದ ಮೆಟ್ರೊ, ಷಿ ವುಡ್ ಬಿ ಅಟ್ ಮೆಜೆಸ್ಟಿಕ್ ಬೈ ನೌ’. ಮೂರು ಟೈಪುಗಳ ಕೋಷ್ಟಕದಲ್ಲಿ ಇಂಥ ವಾಕ್ಯಕ್ಕೆ ಜಾಗವೇ ಇಲ್ಲ. ದಿನನಿತ್ಯದ ಮಾತಿನಲ್ಲಿ ಬೇಕಾದಷ್ಟಿದೆ.

‘ಇಫ್ ಹಿ ವಿಲ್ ಕಮ್ ಟುಮಾರೊ’ ಎಂಬ ತಪ್ಪಿಗೆ (‘ಇಫ್ ಹಿ ಕಮ್ಸ್ ಟುಮಾರೊ’ ಸರಿ) ಕನ್ನಡವನ್ನು ದೂರುವುದು ಅನ್ಯಾಯ. ನಾವು ‘ನಾಳೆ ಬಂದರೆ’ ಎನ್ನುತ್ತೇವೆ. ನಾಳೆಯ ಮಾತಾದರೂ ಅದರೊಳಗಿರುವುದು ‘ಬಂದ’ ಎಂಬ ಭೂತಕಾಲದ ರೂಪ! ‘ಇಫ್ ಹಿ ಕೇಮ್ ಟುಮಾರೊ’ ಎಂದರೆ ‘ನಾಳೆಗೆ ಕೇಮ್ ಹೇಗೆ?’ ಎಂದು ಕೇಳುವ ಮಗುವಿಗೆ ಇದೊಂದನ್ನು ತೋರಿಸಿದರೆ ಸಾಕು, ಅನುಮಾನ ಅರ್ಧ ಕರಗುತ್ತದೆ. ಅಲ್ಲಿ ‘ಕೇಮ್’ ಹೇಳುವುದು ಕಾಲವನ್ನಲ್ಲ, ಬರುವ ಸಂಭವ ಕಡಿಮೆ ಎಂಬುದನ್ನು.

ನಿಷೇಧದಲ್ಲಿ ಇನ್ನಷ್ಟು ಎಚ್ಚರ ಬೇಕು. ‘ಬರದಿದ್ದರೆ’ ಎಂಬ ಒಂದೇ ರೂಪ ‘ಡಸಂಟ್ ಕಮ್’, ‘ಡಿಡಂಟ್ ಕಮ್’, ‘ಹ್ಯಾಡಂಟ್ ಕಮ್’ ಮೂರಕ್ಕೂ ಆಗುತ್ತದೆ. ‘ಅನ್‌ಲೆಸ್’ ಬಳಸಿದರೆ ಅದರಲ್ಲೇ ‘ಇಲ್ಲ’ ಅಡಗಿದೆ, ಇನ್ನೊಂದು ‘ನಾಟ್’ ಸೇರಿಸಬಾರದು.

ಉಳಿದ ತಪ್ಪುಗಳು ಚಿಕ್ಕವು, ಆದರೆ ಅಂಕ ಕಳೆಯುತ್ತವೆ. ‘ಇಫ್ ಐ ವುಡ್ ಹ್ಯಾವ್ ನೋನ್’ ಅಮೆರಿಕದವರ ಮಾತಿನಲ್ಲಿ ಕಿವಿಗೆ ಬೀಳುತ್ತದೆ, ಬರವಣಿಗೆಯಲ್ಲಿ ‘ಇಫ್ ಐ ಹ್ಯಾಡ್ ನೋನ್’ ಎಂದೇ ಇರಲಿ. ‘ವುಡ್’ ಆದಮೇಲೆ ‘ಹ್ಯಾಸ್’ ಬರುವುದಿಲ್ಲ, ಕರ್ತೃ ‘ಹಿ’ ಆದರೂ ‘ಹ್ಯಾವ್’. ಅದರ ಮುಂದೆ ಮೂರನೇ ರೂಪವೇ: ‘ವುಡ್ ಹ್ಯಾವ್ ಗಾನ್’, ‘ವೆಂಟ್’ ಅಲ್ಲ. ‘ಇಫ್ ಐ ವರ್ ಯು’ ಎಂಬಲ್ಲಿ ‘ವಾಸ್’ ಬದಲು ‘ವರ್’ ಬರೆಯುವುದು ಕ್ಷೇಮ.

ವಿದ್ಯಾರ್ಥಿ ಪುಟದಲ್ಲಿ ಮುಂದಿನ ಸಲ ಆ ಕೋಷ್ಟಕ ಅಚ್ಚು ಮಾಡುವಾಗ ಪ್ರತಿ ಸಾಲಿನ ಪಕ್ಕದಲ್ಲಿ ಒಂದು ಕನ್ನಡ ವಾಕ್ಯ ಕೊಡಿ, ‘ಈಗ’, ‘ಆಗ’ ಎಂಬ ಗುರುತಿನೊಂದಿಗೆ. ಮೆಜೆಸ್ಟಿಕ್‌ನಂಥ ಮಿಶ್ರ ವಾಕ್ಯಕ್ಕೆ ನಾಲ್ಕನೆಯ ಸಾಲೊಂದು ಸೇರಲಿ.

– ಇಂಗ್ಲಿಷ್ ಶಿಕ್ಷಕರು, ಬೆಂಗಳೂರು