ಕೆಂಪಕ್ಕಿ ಬೆಲೆ ಬಗ್ಗೆ, ಶನಿವಾರದ ಆರ್ಡರ್‌ಗೆ ಮುಂಚೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯಿಂದ ತರಿಸುವ ಕೆಂಪಕ್ಕಿ ಅಂಗಡಿ ಅಕ್ಕಿಗಿಂತ ದುಬಾರಿ ಅಂತ ಕೆಲವರು ಕೇಳಿದ್ದೀರಿ. ಕೇಳಬೇಕಾದ ಮಾತೇ. ಆದರೆ ಅಗ್ಗದ ಅಕ್ಕಿಯ ಪೂರ್ತಿ ಖರ್ಚು ಬಿಲ್ಲಿನಲ್ಲಿ ಕಾಣುವುದಿಲ್ಲ.

ಯೂರಿಯಾವನ್ನೇ ನೋಡಿ. 45 ಕೆಜಿ ಚೀಲಕ್ಕೆ ರೈತರು ಕೊಡುವುದು 300 ರೂಪಾಯಿಗೂ ಕಡಿಮೆ. ಅದನ್ನು ತಯಾರಿಸುವ ಖರ್ಚು ಅದರ ಎಷ್ಟೋ ಪಟ್ಟು. ಉಳಿದದ್ದು ಸಬ್ಸಿಡಿ, ಅಂದರೆ ನಮ್ಮದೇ ತೆರಿಗೆ ಹಣ. ಹಾಕಿದ್ದೆಲ್ಲ ಪೈರಿಗೆ ಸೇರುವುದೂ ಇಲ್ಲ. ಒಂದಷ್ಟು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಅದು ಭೂಮಿಯನ್ನು ಬಿಸಿ ಮಾಡುವುದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜಾಸ್ತಿ. ಇನ್ನೊಂದಷ್ಟು ಮಳೆಗೆ ಕೊಚ್ಚಿಕೊಂಡು ಹಳ್ಳ ಸೇರುತ್ತದೆ. ನಮ್ಮ ಕಡೆ ಹಳ್ಳಗಳು ಹರಿಯುವುದು ತುಂಗೆಗೆ. ಶಿವಮೊಗ್ಗದಲ್ಲಿ ನಾವು ಕುಡಿಯುವುದೂ ಅದೇ ನೀರು, ಅಲ್ವಾ?

ನಮಗೆ ಅಕ್ಕಿ ಕೊಡುವವರು ಕೊಟ್ಟಿಗೆ ಗೊಬ್ಬರ, ಸೊಪ್ಪು ಹಾಕಿ ಬೆಳೆಯುತ್ತಾರೆ. ಆಳಿನ ಕೂಲಿ ಜಾಸ್ತಿ, ಇಳುವರಿ ಕಡಿಮೆ. ಬೆಲೆಯಲ್ಲಿ ಕಾಣುವ ವ್ಯತ್ಯಾಸ ಅದೇ.

ಈ ತಿಂಗಳು ಕೈ ಬಿಗಿ ಇದ್ದವರು ಎರಡೇ ಕೆಜಿ ತಗೊಳ್ಳಿ, ಸಂಕೋಚ ಬೇಡ. ಎಷ್ಟು ಬೇಕೆಂದು ಶನಿವಾರ ಸಂಜೆ 6ರೊಳಗೆ ಇಲ್ಲೇ ಬರೆಯಿರಿ. ಬರುವಾಗ ಬಟ್ಟೆ ಚೀಲ ತನ್ನಿ.